ಕಾರ್ಡು ಖಾಲಿ ಇರಲಿಲ್ಲ

ನವೆಂಬರ್ 18, ಸೋಮವಾರ

ನಿನ್ನೆ ಸೀತಾರಾಮರಾಯರ ಮಗಳು ಸುವರ್ಣಾಳ ಮದುವೆ ಮುಗಿಯಿತು. ಬೆಳಗಿನಿಂದ ಫಂಕ್ಷನ್ ಹಾಲಿನಲ್ಲಿ ನಿಂತು ನಿಂತು ಮೊಣಕಾಲು ಹಿಡಿದಿವೆ, ಆದರೂ ಮನಸ್ಸಿಗೆ ಸಮಾಧಾನ. ರಾಯರು ಹೈದರಾಬಾದಿನ ನಮ್ಮ ಕುಷಾಯಿಗೂಡ ಸ್ಟುಡಿಯೋದ ಹಳೇ ಗಿರಾಕಿ. ಅವರ ಮನೆಯ ತೊಟ್ಟಿಲು, ಜವಳ ಎಲ್ಲದಕ್ಕೂ ನಮ್ಮ ಸ್ಟುಡಿಯೋದ್ದೇ ಫೋಟೋ. ಬೀಗರು ಮೆರವಣಿಗೆಯಲ್ಲಿ ಬರುವಾಗ ಅಂಬಾದಾಸ ಡ್ರೋನ್ ಹಾರಿಸಿದ. ಬ್ಯಾಂಡಿನವರು ಸಹ ಬಾರಿಸುವುದು ಬಿಟ್ಟು ಮೇಲೆ ನೋಡಿದರು. ನನ್ನ ಹೆಂಡತಿ ಹಂಪಮ್ಮನ ಅಕ್ಕನ ಮಗ ಅಂತ ಹೊಗಳುತ್ತಿಲ್ಲ, ಹುಡುಗನ ಕೈ ನಯ. ಪಿಯುಸಿ ಮುಗಿಸಿ ಲಿಂಗಸುಗೂರಿನಿಂದ ಬಂದಾಗ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ. ಈಗ ಮಾನ್ವಿಯಿಂದ ಒಂದು ಸಂಬಂಧ ಬಂದಿದೆ, ಕಲ್ಯಾಣಪ್ಪ ಅನ್ನುವವರ ಮಗಳು ಶಿವಗಂಗಾ. ಹುಡುಗ ಹುಡುಗಿ ನೋಡಿಕೊಂಡಾಗಿದೆ, ಇಬ್ಬರಿಗೂ ಒಪ್ಪಿಗೆ. ಹಿರಿಯರು ಕೂತು ಮಾತಾಡುವುದೊಂದು ಬಾಕಿ.

ಇವತ್ತು ಮೆಮೊರಿ ಕಾರ್ಡುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ಇಳಿಸಿಕೊಂಡೆ. ಕ್ಯಾಮೆರಾದ ಕಾರ್ಡುಗಳು ಸರಿಯಾಗಿ ಬಂದವು. ಡ್ರೋನಿನದು ಹೊಸದು, ದೊಡ್ಡದು, ಹೋದ ವಾರ ಅಂಬಾದಾಸನೇ ಹಠ ಮಾಡಿ ತರಿಸಿದ್ದು. ಹಾಕಿದ ಕೂಡಲೇ ಕಂಪ್ಯೂಟರು ಏನೋ ಕೇಳಿತು. ಹಳೇ ಕಂಪ್ಯೂಟರು, ದಿನಾ ಏನಾದರೊಂದು ಕೇಳುತ್ತಲೇ ಇರುತ್ತದೆ. ಯೆಸ್ ಯೆಸ್ ಅಂತ ಒತ್ತಿ ಚಹಾ ತರಿಸಿಕೊಂಡೆ. ಪರದೆಯ ಮೇಲೆ ಒಂದು ಪಟ್ಟಿ ನಿಧಾನಕ್ಕೆ ಓಡಿ ನಿಂತಿತು. ತೆಗೆದು ನೋಡಿದರೆ ಒಳಗೆ ಏನೂ ಇಲ್ಲ. ಬಟಾಬಯಲು.

ಹುಡುಗ ರೆಕಾರ್ಡ್ ಒತ್ತೇ ಇಲ್ಲ. ಜನ ನೋಡಲಿ ಅಂತ ಹಾರಿಸಿದ್ದೇ ಹಾರಿಸಿದ್ದು.

ನವೆಂಬರ್ 19, ಮಂಗಳವಾರ

ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ಅಂಬಾದಾಸ ಬಂದ ಕೂಡಲೇ ಕೇಳಿದೆ. "ಒತ್ತೀನ್ರಿ ಕಾಕಾ. ರಿಮೋಟಿನ ಮ್ಯಾಲ ಕೆಂಪು ಚುಕ್ಕಿ ಬಂದಿದ್ದು ಕಣ್ಣಾರೆ ನೋಡೀನಿ" ಅಂದ.

"ಹಂಗಾರ ಎಲ್ಲಿ ಹೋತು?"

ಕಾರ್ಡು ತೆಗೆದುಕೊಂಡು ಡ್ರೋನಿಗೆ ಹಾಕಿದ. ರಿಮೋಟು ನೋಡಿದ, ಮತ್ತೆ ತೆಗೆದು ಹಾಕಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ಈ ಕಾರ್ಡ್ ತನಗ ಓದಾಕ ಬರಂಗಿಲ್ಲ ಅಂತ ಡ್ರೋನ್ ಹೇಳಾಕತ್ತೈತ್ರಿ. ಮೊನ್ನಿ ಇದರಾಗ ಹೊಡದೀನಿ. ಈಗ ಬರಂಗಿಲ್ಲ ಅಂದ್ರ ನಡುವ ಯಾರೋ ಕಂಪ್ಯೂಟರಿನ್ಯಾಗ ಹಾಕಿ ಫಾರ್ಮ್ಯಾಟ್ ಮಾಡ್ಯಾರ."

ಹಾಗಂದರೆ ಏನು ಅಂದೆ. ಇದ್ದದ್ದನ್ನೆಲ್ಲ ಒರೆಸಿ, ಕಂಪ್ಯೂಟರು ತನಗೆ ಬೇಕಾದ ಹಾಗೆ ಹೊಸ ಗೆರೆ ಹೊಡೆದುಕೊಳ್ಳುವುದಂತೆ. ಆ ಗೆರೆ ಡ್ರೋನಿಗೆ ತಿಳಿಯುವುದಿಲ್ಲವಂತೆ. ಎಲ್ಲ ಬಾಯಿಪಾಠ ಮಾಡಿಕೊಂಡು ಬಂದ ಹಾಗಿತ್ತು.

"ಯಾರೋ ಅಂದ್ರ ಯಾರು? ಈ ಅಂಗಡಿಯೊಳಗ ಇರೋರು ನೀನು, ನಾನು."

ಅವನು ಕಂಪ್ಯೂಟರಿನ ಕಡೆ ನೋಡಿದ. ಆ ನೋಟವೇ ನನಗೆ ಬೆಂಕಿ ಹಚ್ಚಿತು.

"ಸುಳ್ಳ ಹೇಳೋದಲ್ದ ನನ್ನ ತಲಿ ಮ್ಯಾಲ ಹಾಕ್ತಿ?"

"ತಪ್ಪು ಅಂತಲ್ರಿ ಕಾಕಾ, ಗೊತ್ತಾಗದ ಆಗಿರ್ತೈತಿ. ಅದನ್ನ ಹಂಗ ಇಡ್ರಿ, ಮತ್ತೇನೂ ತುಂಬಬ್ಯಾಡ್ರಿ. ಅಳಿಸಿದ್ದನ್ನ ತಿರುಗಿ ತಗಿಯೋರು ಅದಾರ..."

ಪೂರ್ತಿ ಹೇಳಲು ಬಿಡಲಿಲ್ಲ. ನಾಳೆಯಿಂದ ಬರಬೇಡ ಅಂದೆ. ನಾನು ಫೋಟೋ ತೆಗೆಯಲು ಶುರು ಮಾಡಿದಾಗ ಇವನು ಹುಟ್ಟಿರಲಿಲ್ಲ. ರಿಮೋಟನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟು ಹೋದ. ಆ ಒರೆಸುವುದು ಬೇರೆ ಯಾಕೆ.

ನವೆಂಬರ್ 23, ಶನಿವಾರ

ರಾಯರು ಬಂದಿದ್ದರು. ಮೇಲಿನಿಂದ ತೆಗೆದದ್ದು ಬಂದಿಲ್ಲ ಅಂದಾಗ ಮುಖ ಸಪ್ಪಗಾಯಿತು. "ನಮ್ಮನಿಯಾಕಿಗೆ ಅದರದ ಆಸಿ ಇತ್ತು" ಅಂದರು. ಹುಡುಗ ಬೇಜವಾಬ್ದಾರಿ ಮಾಡಿದ, ಮೇಲೆ ಸುಳ್ಳು ಹೇಳಿದ, ತೆಗೆದು ಹಾಕಿದೆ ಅಂದೆ. ನನ್ನ ಮಾನ ಉಳಿಯಿತು.

ಹಂಪಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ತಾಟು ಇಡುವ ಸಪ್ಪಳದಿಂದಲೇ ತಿಳಿಯುತ್ತದೆ.

ನವೆಂಬರ್ 27, ಬುಧವಾರ

ಮಾನ್ವಿಯಿಂದ ಕಲ್ಯಾಣಪ್ಪ ಫೋನ್ ಮಾಡಿದ್ದರು. "ಹುಡುಗ ನಿಮ್ಮ ಕೈಯಾಗ ಬೆಳದಾನಂತ. ಸ್ವಭಾವ ಹೆಂಗ್ರಿ?"

"ಕೆಲಸ ಬರ್ತೈತ್ರಿ. ಖರೇ ಮಾತು ಅಷ್ಟ ಬರಂಗಿಲ್ಲ" ಅಂದೆ.

ಮಾತು ಚೆನ್ನಾಗಿ ಬಂತು ಅನ್ನಿಸಿತು. ಅವರು ಹೈದರಾಬಾದಿನಲ್ಲಿ ಚಳಿ ಹೇಗಿದೆ ಅಂತ ಕೇಳಿ ಇಟ್ಟರು. ಹೆಣ್ಣು ಕೊಡುವವರು ಕೇಳಿದಾಗ ಇದ್ದದ್ದು ಹೇಳಬೇಕು. ಮುಂದೆ ನನ್ನನ್ನು ಅನ್ನಬಾರದಲ್ಲ.

ಡಿಸೆಂಬರ್ 1, ಭಾನುವಾರ

ಮಾನ್ವಿಯವರು ಬೇಡ ಅಂದರಂತೆ. ಅಕ್ಕನಿಂದ ಹಂಪಮ್ಮನಿಗೆ ಫೋನ್ ಬಂತು. ಜೋಳದ ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಏನ್ ಹೇಳಿದ್ರಿ ಅವರಿಗೆ?"

"ಇದ್ದದ್ದು ಹೇಳೀನಿ."

"ಇದ್ದದ್ದು ಯಾವುದು ಅಂತ ನಿಮಗೇನ್ ಗೊತ್ತೈತಿ? ಆ ಹುಡುಗನ್ನ ಕೂಡಿಸ್ಕೊಂಡು ಒಂದ್ ಮಾತು ನೆಟ್ಟಗ ಕೇಳಿದ್ರೇನು?"

ಹೆಂಗಸರಿಗೆ ತವರಿನವರು ಮಾಡಿದ್ದೆಲ್ಲ ಸರಿ. ಅಂಬಾದಾಸ ಮೌಲಾಲಿಯ ರೂಮು ಬಿಟ್ಟು ಪಟಾನ್‌ಚೆರು ಕಡೆ ಹೋಗಿದ್ದಾನಂತೆ, ಯಾವುದೋ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಒಳ್ಳೆಯದೇ. ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ.

ರೊಟ್ಟಿ ಸುಟ್ಟಿದ್ದವು. ಮಜ್ಜಿಗೆಯಲ್ಲಿ ಮುರಿದು ತಿಂದೆ.

ಡಿಸೆಂಬರ್ 5, ಗುರುವಾರ

ಗೃಹಪ್ರವೇಶದ ಕೆಲಸ ಬಂತು. ಡ್ರೋನಿಗೆ ಪ್ರಾಣೇಶನನ್ನು ಕರೆಸಿದೆ. ಮಲ್ಕಾಜ್‌ಗಿರಿಯವನು, ನಲವತ್ತು ದಾಟಿದ ಮನುಷ್ಯ, ಮೊದಲು ಕೇಬಲ್ ಟಿವಿ ಕೆಲಸ ಮಾಡುತ್ತಿದ್ದ. ಅದೇ ಕಾರ್ಡು ಕೊಟ್ಟೆ. ಡ್ರೋನ್ ಏನೋ ತಕರಾರು ಮಾಡಿತು, ಅವನು ಅದರಲ್ಲೇ ಫಾರ್ಮ್ಯಾಟ್ ಅಂತ ಒತ್ತಿ ಸರಿ ಮಾಡಿಕೊಂಡ. ಇಡೀ ದಿನ ಹೊಡೆದು, ತನ್ನ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ ತುಂಬಿ ಕೊಟ್ಟ. ಎಲ್ಲ ಬಂದಿದೆ. ಕಾರ್ಡು ಗಟ್ಟಿಯಾಗೇ ಇದೆ. ಹುಡುಗನದೇ ತಪ್ಪು ಅನ್ನುವುದಕ್ಕೆ ಇನ್ನೇನು ಬೇಕು.

ಹಂಪಮ್ಮನಿಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

ಡಿಸೆಂಬರ್ 12, ಗುರುವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಧನುರ್ಮಾಸಕ್ಕೆ ಮುಂಚಿನ ಕೊನೆಯ ಮದುವೆ. ಬೆಳಿಗ್ಗೆ ಬೇಗ ಮುಗಿಯಿತು, ಅಂಗಡಿಗೆ ಬಂದೆವು. ಪ್ರಾಣೇಶನಿಗೆ ಬೇರೆ ಕಡೆ ಹೋಗುವ ಅವಸರ, ಲ್ಯಾಪ್‌ಟಾಪಿನ ಚೀಲವನ್ನೂ ಬಿಚ್ಚಲಿಲ್ಲ. "ಸರ್, ಕಾರ್ಡ್ ನಿಮ್ಮ ಕಂಪ್ಯೂಟರಿಗೇ ಹಾಕಿಕೊಂಡು ಬಿಡ್ರಿ, ನಾ ಅಷ್ಟರಾಗ ಚಹಾ ಕುಡೀತೀನಿ" ಅಂದ. ಹಾಕಿದೆ. ಕಂಪ್ಯೂಟರು ಅದೇ ಚೌಕ ತೋರಿಸಿ ಅದನ್ನೇ ಕೇಳಿತು. ನಾನು ಬೆರಳೆತ್ತಿದೆ. ಪ್ರಾಣೇಶ ಚಹಾದ ಗ್ಲಾಸು ಬಿಟ್ಟು ಹಾರಿ ಬಂದು ನನ್ನ ಮಣಿಕಟ್ಟು ಹಿಡಿದ. ಚಹಾ ಎಲ್ಲ ಆಲ್ಬಮ್ಮಿನ ಮೇಲೆ ಚೆಲ್ಲಿತು.

"ಸರ್! ಏನ್ ಮಾಡಾಕತ್ತೀರಿ? ಯೆಸ್ ಅಂದ್ರ ಎಲ್ಲಾ ಹೋತು!"

"ದಿನಾ ಕೇಳ್ತೈತಲ್ಲೋ..."

"ಏನ್ ಕೇಳಾಕತ್ತೈತಿ ಓದ್ರಿ."

ಕನ್ನಡಕ ಹಾಕಿಕೊಂಡು ಓದಿದೆ. ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಿಲ್ಲ, ಈಗ ಮಾಡಲೇ ಅಂತ ಇತ್ತು.

ಪ್ರಾಣೇಶ ಕಾರ್ಡು ಕಿತ್ತು ತನ್ನ ಲ್ಯಾಪ್‌ಟಾಪಿಗೆ ಹಾಕಿದ. ಬೆಳಗಿನ ಮದುವೆ ಅಷ್ಟೂ ಇತ್ತು. ಆರತಿ, ಅಕ್ಕಿಕಾಳು, ಫಂಕ್ಷನ್ ಹಾಲಿನ ಮುಂದಿನ ತೋರಣ. "ಸಣ್ಣ ಕಾರ್ಡ್ ಇದ್ದಾಗ ನಿಮ್ಮ ಹಳೇ ಕಂಪ್ಯೂಟರಿಗೆ ತಿಳೀತಿತ್ರಿ. ದೊಡ್ಡ ಕಾರ್ಡಿಗೆ ಡ್ರೋನ್ ಬ್ಯಾರೆ ನಮೂನಿ ಗೆರಿ ಹೊಡಕೊಂತೈತಿ. ಅದು ಇದಕ್ಕ ಓದಾಕ ಬರಂಗಿಲ್ಲ. ಓದಾಕ ಬರಲಿಲ್ಲಂದ್ರ ಖಾಲಿ ಐತಿ ಅಂತಲ್ಲಲ್ರಿ."

ಕುರ್ಚಿಯ ಮೇಲೆ ಕೂತೆ. ರಾಯರ ಮದುವೆಯದ್ದನ್ನು ತಿರುಗಿ ತೆಗೆಯಬಹುದಾ ಅಂತ ಕೇಳಿದೆ. ಅವನು ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹಾಕಿ ಬಹಳ ಹೊತ್ತು ಹುಡುಕಿದ. ಹೋಗಬೇಕಾಗಿದ್ದ ಕೆಲಸಕ್ಕೆ ಹೋಗಲಿಲ್ಲ. ಸಿಕ್ಕಿದ್ದೆಲ್ಲ ಗೃಹಪ್ರವೇಶದ್ದು, ಇವತ್ತಿನದು. "ಒರೆಸಿದ ದಿನ ಹಂಗ ಇಟ್ಟಿದ್ರ ಬರ್ತಿತ್ರಿ. ಅದರ ಮ್ಯಾಲ ಎರಡೆರಡು ಫಂಕ್ಷನ್ ತುಂಬೀವಿ."

ಹಾಗೇ ಇಡ್ರಿ ಅಂತ ಅಂಬಾದಾಸ ಹೇಳಿದ್ದ.

ಡಿಸೆಂಬರ್ 13, ಶುಕ್ರವಾರ

ಅಂಗಡಿ ತೆರೆಯಲಿಲ್ಲ.

ಡಿಸೆಂಬರ್ 15, ಭಾನುವಾರ

ಹಂಪಮ್ಮನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನಗ್ಯಾಕ ಹೇಳ್ತೀರಿ, ಅವನಿಗೆ ಹೇಳ್ರಿ" ಅಂದಳು. ಮೊರ ಎತ್ತಿಕೊಂಡು ಏಳುತ್ತ, "ಅಕ್ಕ ಫೋನ್ ಮಾಡಿದಾಗ ನಾನೂ ಒಂದೊಂದು ಸಲ ಅಂದ್ಕೊಂಡೆ, ಅಂಬಾದಾಸ ಒತ್ತಿರಲಿಕ್ಕಿಲ್ಲ ಅಂತ" ಅಂದು ಒಳಗೆ ಹೋದಳು.

ಅವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಲು ಧೈರ್ಯ ಆಗಲಿಲ್ಲ.

ಸಂಜೆ ರಾಯರ ಮನೆಗೆ ಹೋಗಿ, ಹುಡುಗನದಲ್ಲ, ತಪ್ಪು ನನ್ನದು ಅಂದೆ. ರಾಯರು ಮೊದಲು ಯಾವ ವಿಷಯ ಅಂತ ತಿಳಿಯದೆ ನೋಡಿದರು. ನೆನಪಾದ ಮೇಲೆ ನಕ್ಕುಬಿಟ್ಟರು. "ಅಯ್ಯ, ಬಿಡ್ರಿ ಅಮರಯ್ಯನವರ. ಸುವರ್ಣಾ ಸೈತ ಮತ್ತ ಕೇಳಿಲ್ಲ. ಮ್ಯಾಲಿಂದ ತಗದ್ರ ಏನ್ ಕಾಣ್ತೈತಿ, ಬರೇ ತಲಿ." ಕೊಬ್ಬರಿ ಹೋಳಿಗೆ ಕೊಟ್ಟರು. "ಆ ಹುಡುಗ ಎಲ್ಲಿ ಅದಾನ ಈಗ? ಚೊಲೋ ಇದ್ದ" ಅಂದರು.

ಬರೇ ತಲಿ. ಅಷ್ಟರ ಸಲುವಾಗಿ.

ಡಿಸೆಂಬರ್ 22, ಭಾನುವಾರ

ಪಟಾನ್‌ಚೆರುವಿಗೆ ಹೋಗಿ ಬಂದೆ. ಸಿಕಂದರಾಬಾದಿನಲ್ಲಿ ಬಸ್ ಬದಲಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಭಾನುವಾರವೂ ಶಿಫ್ಟ್ ಇದೆಯಂತೆ, ಹಂಪಮ್ಮನ ಅಕ್ಕನೇ ವಿಳಾಸ ಹೇಳಿದ್ದಳು. ಕಾರ್ಖಾನೆಯ ಗೇಟಿನ ಎದುರು ನಿಂತೆ. ಗಾಳಿಗೆ ಮೂಗು ಉರಿಯುವ ವಾಸನೆ. ಶಿಫ್ಟ್ ಬಿಟ್ಟಾಗ ಎಲ್ಲರೂ ಒಂದೇ ನಮೂನೆಯ ನೀಲಿ ಅಂಗಿ. ಅವನೇ ನನ್ನನ್ನು ಮೊದಲು ನೋಡಿದ. ತಪ್ಪಿಸಿಕೊಂಡು ಹೋಗುತ್ತಾನೆ ಅಂದುಕೊಂಡಿದ್ದೆ. ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಚಿಗವ್ವ ಆರಾಮ ಅದಾಳೇನ್ರಿ?"

ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಬರುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟೆ.

"ಕಾರ್ಡು ನಾನ ಒರೆಸಿದ್ದೆಪ್ಪಾ" ಅಂದೆ.

ಅವನು ಗ್ಲಾಸು ಕೆಳಗಿಟ್ಟ. "ಖರೇ ಏನ್ರಿ?"

"ಪ್ರಾಣೇಶ ಕೈ ಹಿಡದು ತೋರಿಸಿದ. ನೀ ಹೇಳಿದ್ದೆಲ್ಲ ಖರೇ ಇತ್ತು."

ಅವನಿಗೆ ಸಿಟ್ಟು ಬರುತ್ತದೆ ಅಂತ ಕಾದೆ. ಅವನು ಉಸಿರು ಬಿಟ್ಟ, ತಲೆಯ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗೆ. ಕಣ್ಣು ಒರೆಸಿಕೊಂಡ. "ಕಾಕಾ, ನಿಮಗ ಹೇಳ್ತೀನಿ, ಬರ್ತಾ ಬರ್ತಾ ನನಗೂ ಹಂಗ ಅನ್ನಿಸಾಕ ಹತ್ತಿತ್ತು. ನಾನ ಒತ್ತಿಲ್ಲೇನೋ. ಕೆಂಪು ಚುಕ್ಕಿ ನೋಡಿದ್ದು ಬ್ಯಾರೆ ಮದುವಿಯಾಗೇನೋ. ನೀವು ಅಷ್ಟು ಗಟ್ಟಿಯಾಗಿ ಅಂದ್ರಿ, ಚಿಗವ್ವ ಫೋನ್ ಮಾಡಲಿಲ್ಲ, ಮಾನ್ವಿಯವರೂ ಬ್ಯಾಡಂದ್ರು. ಇಷ್ಟು ಮಂದಿ ತಪ್ಪು ತಿಳಕೊಂತಾರೇನು ಅಂತ. ನಡುವ ಇಲ್ಲೊಂದು ಕಡೆ ಡ್ರೋನ್ ಹಾರಸಾಕ ಕರದಿದ್ರು. ಹೋದೆ. ರಿಮೋಟ್ ಹಿಡದ್ರ ಬೆರಳು ನಿಲ್ಲವಲ್ವು. ಚುಕ್ಕಿ ಬಂತೋ ಇಲ್ಲೋ ಅಂತ ನೋಡಿದ್ದ ನೋಡಿದ್ದು. ಇಳಿಸಿ, ಅವರ ಕೈಯಾಗ ಕೊಟ್ಟು ಬಂದೆ."

ಅವನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವನು ನಾನು. ಕೈ ಅಲುಗಬಾರದು, ಉಸಿರು ಹಿಡಿ ಅಂತ ಭುಜ ಒತ್ತಿ ಹೇಳಿಕೊಟ್ಟಿದ್ದೆ.

ತಿರುಗಿ ಬಾ ಅಂದೆ. ಸ್ಟುಡಿಯೋ ನೀನೇ ನಡೆಸು ಅಂದೆ. "ಬ್ಯಾಡ್ರಿ ಕಾಕಾ" ಅಂದ. ಒರಟಾಗಿ ಅಲ್ಲ. ಎರಡನೇ ಸಲ ಕೇಳದ ಹಾಗೆ ಅಂದ.

ಏಳುವಾಗ ಅವನೇ ಒಂದು ಮಾತು ಕೇಳಿದ. "ಮಾನ್ವಿಗೆ ಹೋಗಿ ಬರ್ತೀರೇನ್ರಿ? ಮದುವಿ ಸಲುವಾಗಿ ಅಲ್ಲ. ಆಕಿಗೆ ಬ್ಯಾರೆ ಕಡೆ ಲಗ್ನ ಗೊತ್ತಾಗೈತಂತ, ಅವ್ವ ಹೇಳಿದ್ಲು. ಆದ್ರ ನಾ ಸುಳ್ಳ ಹೇಳಾವ ಅಂತ ಆಕಿ ತಿಳಕೊಂಡಿರ್ತಾಳಲ್ರಿ. ಅದೊಂದು."

ಹೂಂ ಅಂದು ಬಂದೆ.

ಡಿಸೆಂಬರ್ 29, ಭಾನುವಾರ

ಮಾನ್ವಿಗೆ ಹೋಗಲಿಲ್ಲ. ಸಂಬಂಧ ಗಟ್ಟಿಯಾದ ಮನೆಗೆ ಹೋಗಿ ಹಳೇ ಹುಡುಗನ ಮಾತೆತ್ತುವುದು ಸರಿಯಾ? ಆ ಹುಡುಗಿಗೆ ಏನು ತೊಂದರೆಯೋ. ಮೊಣಕಾಲೂ ನೋಯುತ್ತಿದೆ.

ಬರೆದದ್ದನ್ನು ಓದಿದರೆ ನನಗೇ ನಾಚಿಕೆ. ಫೋನಿನಲ್ಲಿ ಅವತ್ತು ಆಡಿದ ಮಾತಿಗೆ ಮೊಣಕಾಲು ಬೇಕಾಗಿರಲಿಲ್ಲ.

ಜನವರಿ 5, ಭಾನುವಾರ

ನಿನ್ನೆ ರಾಯಚೂರಿಗೆ ಹೋಗಿ, ಅಲ್ಲಿಂದ ಮಾನ್ವಿಗೆ ಬಸ್ಸು. ಹಂಪಮ್ಮ ಬುತ್ತಿ ಕಟ್ಟಿಕೊಟ್ಟಳು. ಬಹಳ ದಿನದ ಮೇಲೆ ಬಾಗಿಲ ತನಕ ಬಂದು ನಿಂತಳು.

ಕಲ್ಯಾಣಪ್ಪನವರದು ಕಿರಾಣಿ ಅಂಗಡಿ, ಹಿಂದೆಯೇ ಮನೆ. ಪಡಸಾಲೆಯಲ್ಲಿ ಕೂಡಿಸಿದರು. ಕಾರ್ಡಿನ ವಿಷಯ ಮೊದಲಿನಿಂದ ಹೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ಈಗ್ಯಾಕ್ರಿ ಇದೆಲ್ಲ? ಮುಂದಿನ ತಿಂಗಳ ಲಗ್ನ ಐತಿ."

"ಲಗ್ನಕ್ಕ ಅಡ್ಡ ಬರಾಕ ಬಂದಿಲ್ರಿ. ಹುಡುಗ ಸುಳ್ಳ ಹೇಳಾವಲ್ಲ, ನಾನ ಅವತ್ತು ತಿಳೀದ ಅಂದಿದ್ದೆ. ಅಷ್ಟ ಹೇಳಿ ಹೋಗ್ತೀನಿ."

ಅವರು ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. "ಊರಾಗ ಎಲ್ರೂ ಚೊಲೋ ಹುಡುಗ ಅಂದಿದ್ರು. ನಿಮಗ ಕೇಳಿದ್ದು ಬರೇ ರೂಢಿಗೆ. ಆದ್ರ ಸ್ವಂತ ಮಂದಿ ನೀವ ಹಂಗಂದ ಮ್ಯಾಲ ನಾ ಇನ್ಯಾರನ್ನ ಕೇಳ್ಲಿ, ಹೇಳ್ರಿ."

ನಾನು ಎದ್ದೆ.

ಚಪ್ಪಲಿ ಮೆಟ್ಟುವಾಗ ಹುಡುಗಿ ತಂಬಿಗೆಯಲ್ಲಿ ನೀರು ತಂದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಅಪ್ಪ ಅಂಗಡಿಯ ಗಿರಾಕಿ ಕಡೆ ಹೋಗಿದ್ದರು. ನಾನು ನೀರು ಕುಡಿದು ಮುಗಿಸುವವರೆಗೆ ನಿಂತಿದ್ದು, ನನ್ನನ್ನು ನೋಡದೆ ಅಂದಳು: "ಅಪ್ಪ ಬ್ಯಾಡಂದಾಗ ನಾ ಹೂಂ ಅಂದೆನ್ರಿ. ಒಂದ್ ಫೋನ್ ಮಾಡಿ ಕೇಳಬೇಕಾಗಿತ್ತು. ನಂಬರ್ ಇತ್ತು ನನ್ನ ಹತ್ರ."

ತಂಬಿಗೆ ಇಸಿದುಕೊಂಡು ಒಳಗೆ ಹೋದಳು.

ರಾತ್ರಿ ರಾಯಚೂರಿನಲ್ಲೇ ಉಳಿದು ಇವತ್ತು ರೈಲಿಗೆ ಬಂದೆ. ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದಾಗ ಜನವರಿಯ ಎಕ್ಸಿಬಿಷನ್ನಿನ ಜನ, ಮಕ್ಕಳ ಕೈಯಲ್ಲಿ ಬಲೂನು. ಆಟೋ ಸಿಗಲಿಲ್ಲ, ಬಸ್ಸು ಸಿಗುವ ತನಕ ನಡೆದೆ. ಅಷ್ಟು ದೂರ ನಡೆದದ್ದು ಮನೆಗೆ ಬಂದ ಮೇಲೆಯೇ ಗೊತ್ತಾಯಿತು.

ಜನವರಿ 6, ಸೋಮವಾರ

ಶಿಫ್ಟ್ ಬಿಡುವ ಹೊತ್ತು ನೋಡಿ ಅಂಬಾದಾಸನಿಗೆ ಫೋನ್ ಹಚ್ಚಿದೆ. ಈ ಸಲ ಎತ್ತಿದ.

"ಹೋಗಿ ಬಂದೆಪ್ಪಾ. ಅವರಪ್ಪಗ ಹೇಳೀನಿ. ಆಕಿಗೂ ಗೊತ್ತಾಗೈತಿ."

"ಭಾಳ ಉಪಕಾರ ಆತ್ರಿ ಕಾಕಾ."

ಅವನು ಉಪಕಾರ ಅಂದದ್ದು ತಡೆದುಕೊಳ್ಳಲಾಗಲಿಲ್ಲ. ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ. "ಆಕಿ ಏನಾರ ಅಂದ್ಲೇನ್ರಿ?" ಅಂದ.

ಏನೂ ಅನ್ನಲಿಲ್ಲ ಅನ್ನಬಹುದಾಗಿತ್ತು. ಅವನಿಗೆ ಅದೇ ಹಗುರ ಆಗುತ್ತಿತ್ತೋ ಏನೋ. ಅಕ್ಕಪಕ್ಕ ಯಾರೂ ಇಲ್ಲದಿದ್ದರೂ ಅಂಗಡಿಯ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಆಕೆ ಅಂದದ್ದನ್ನು ಅಂದ ಹಾಗೆ ಹೇಳಿದೆ. ಫೋನ್ ಮಾಡಿ ಕೇಳಬೇಕಾಗಿತ್ತು, ನಂಬರ್ ಇತ್ತು. ಒಂದು ಶಬ್ದ ಹೆಚ್ಚಿಗೆ ಸೇರಿಸಲಿಲ್ಲ.

ಆ ಕಡೆ ರಸ್ತೆಯ ಗದ್ದಲ. ಕಂಡಕ್ಟರು "ಲಿಂಗಂಪಲ್ಲಿ, ಲಿಂಗಂಪಲ್ಲಿ" ಅಂತ ಕೂಗುತ್ತಿದ್ದ.

"ನಿನ್ನ ಬಸ್ ಬಂತೇನಪ್ಪಾ?"

"ಬಂದೈತ್ರಿ."

ಬಸ್ಸು ಗೇರು ಬದಲಿಸಿ ಹೋದ ಸಪ್ಪಳ ಕೇಳಿತು. ಅವನು ಹತ್ತಲಿಲ್ಲ. ಫೋನೂ ಇಡಲಿಲ್ಲ. ನಾನು ಫೋನ್ ಕಿವಿಗೆ ಹಿಡಿದುಕೊಂಡು ಕೂತೆ. ಇನ್ನೊಂದು ಬಸ್ಸು ಬಂತು, ಅದೂ ಹೋಯಿತು.